ಆ ಎರಡು ತಿಂಗಳು ಎಲ್ಲಿ ಹೋದವು?

ನಮಸ್ಕಾರ.

ನೀವು ಕಳಿಸಿದ ಚಿತ್ರಕಥೆಯನ್ನು ಎರಡು ಸಲ ಓದಿದೆ. ಸಂಭಾಷಣೆ ಸಲೀಸಾಗಿದೆ. ವಸುಧಾ ಮಗಳಿಗೆ ಜಡೆ ಹಾಕುತ್ತಾ ಮಗ್ಗಿ ಒಪ್ಪಿಸಿಕೊಳ್ಳುವ ದೃಶ್ಯ ಚೆನ್ನಾಗಿದೆ. ಆದರೂ ಇದನ್ನು ಈಗಿರುವ ಹಾಗೆ ಪ್ರಕಟಿಸಲು ನನಗೆ ಮನಸ್ಸಿಲ್ಲ. ಓದುವಾಗ ಕೋಪ ಬಂತು. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ನಿಮ್ಮ ಕಥೆ ಇಷ್ಟು: 2016ರಲ್ಲಿ ವಸುಧಾ ಮತ್ತು ಅವಳ ಗಂಡ ಒಂದು ಹಸುಗೂಸನ್ನು ದತ್ತು ಪಡೆಯುತ್ತಾರೆ. ಮಗಳು ನಂದಿನಿಗೆ ಎಂಟು ತುಂಬುವ ಹೊತ್ತಿಗೆ ಹೆತ್ತವಳು ಹುಡುಕಿಕೊಂಡು ಬರುತ್ತಾಳೆ.

ಮೊದಲು ಒಂದು ಪದದ ಬಗ್ಗೆ. 12ನೇ ದೃಶ್ಯದ ವಿವರಣೆಯಲ್ಲಿ ಹೀಗಿದೆ: ‘ನಂದಿನಿಯ ನಿಜವಾದ ತಾಯಿ ಗೇಟಿನ ಬಳಿ ನಿಂತಿದ್ದಾಳೆ.’ ಪಕ್ಕದ ಮನೆಯವರು ಹಾಗೆ ಹೇಳಲಿ, ಅಜ್ಜಿ ಹೇಳಲಿ, ನನ್ನ ತಕರಾರಿಲ್ಲ. ಜನ ಹಾಗೆ ಮಾತಾಡುತ್ತಾರೆ. ಆದರೆ ಇದು ಪಾತ್ರದ ಮಾತಲ್ಲ, ನಿಮ್ಮ ಮಾತು. ಗೇಟಿನ ಹೊರಗೆ ನಿಂತವಳು ನಿಜವಾದರೆ, ಒಳಗೆ ಜಡೆ ಹಾಕುತ್ತಿರುವವಳು ಯಾರು? 19ನೇ ದೃಶ್ಯದಲ್ಲಿ ಮತ್ತೆ: ‘ವಸುಧಾ ಅವಳನ್ನು ಸ್ವಂತ ಮಗಳಂತೆ ಸಾಕಿದ್ದಳು.’ ಆ ‘ಅಂತೆ’ ಯಾಕೆ ಬೇಕಿತ್ತು? ದತ್ತು ಆದ ಮಗು ಎಲ್ಲ ಹಕ್ಕುಗಳೊಂದಿಗೆ ಆ ದಂಪತಿಯದೇ ಮಗು ಅಂತ ಕಾನೂನೇ ಹೇಳುತ್ತದೆ. ಕಾನೂನಿಗೆ ಇಲ್ಲದ ಅನುಮಾನ ನಿಮಗೆ ಇದೆ.

ಇದೇ ತಪ್ಪನ್ನು ನಾನೂ ಮಾಡಿದ್ದೆ. ಆಗ ಒಂದು ವಾರಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದೆ. ಹೊಲಿಗೆ ಕಲಿಸುವ ಒಬ್ಬ ಹೆಂಗಸಿನ ಬಗ್ಗೆ ಬರೆದು, ಅವರ ‘ಸಾಕುಮಗ’ ಎಂಜಿನಿಯರಿಂಗ್ ಓದುತ್ತಿದ್ದಾನೆ ಅಂತ ಸೇರಿಸಿದ್ದೆ. ಅವರು ಪತ್ರಿಕೆ ಹಿಡಿದುಕೊಂಡು ಆಫೀಸಿಗೆ ಬಂದರು. ಜಗಳ ಮಾಡಲಿಲ್ಲ. ‘ಮಗ ಅಂತ ಬರೆದಿದ್ದರೆ ನಿಮಗೂ ಎರಡಕ್ಷರ ಉಳೀತಿತ್ತು ಅಲ್ವಾ?’ ಅಂದರು, ಅಷ್ಟೇ. ನನ್ನ ಸಂಪಾದಕರು ಪಕ್ಕದಲ್ಲೇ ಕೂತಿದ್ದರು, ಆಗ ಏನೂ ಹೇಳಲಿಲ್ಲ. ಮುಂದಿನ ವಾರ ನನ್ನ ಲೇಖನ ಎದುರಿಗಿಟ್ಟುಕೊಂಡು, ವಿಶೇಷಣ ಕಂಡಲ್ಲೆಲ್ಲ ಬೆರಳಿಟ್ಟು, ‘ಇದು ಯಾರಿಗೆ ಬೇಕಾಗಿತ್ತು?’ ಅಂತ ಕೇಳುತ್ತಾ ಹೋದರು. ಒಂದಕ್ಕೂ ನನ್ನ ಬಳಿ ಉತ್ತರವಿರಲಿಲ್ಲ. ನಿಮ್ಮ 12ನೇ ದೃಶ್ಯ ಓದುವಾಗ ಅವರ ಬೆರಳೇ ಕಣ್ಣ ಮುಂದೆ ಬಂತು.

ಇನ್ನು 4ನೇ ದೃಶ್ಯ. ಆಸ್ಪತ್ರೆ, ಮಳೆ, ರಾತ್ರಿ. ‘ಅವಳು ನಡುಗುವ ಕೈಯಿಂದ ಸಹಿ ಹಾಕಿ, ತಿರುಗಿಯೂ ನೋಡದೆ ಕತ್ತಲಲ್ಲಿ ಕರಗುತ್ತಾಳೆ.’ ಅರ್ಧ ಪುಟದಲ್ಲಿ ಮುಗಿಯಿತು. ಹಾಗೆ ಮುಗಿಯುವುದಿಲ್ಲ. ಮಗುವನ್ನು ಒಪ್ಪಿಸುವ ತಾಯಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಸಹಿ ಹಾಕಬೇಕು. ಅದಕ್ಕೆ ಮೊದಲು ಅವಳ ಜೊತೆ ಮಾತಾಡಿ, ಅವಳ ಕಷ್ಟ ಏನೆಂದು ಕೇಳಬೇಕು. ಸಹಿ ಆದ ಮೇಲೂ ಮನಸ್ಸು ಬದಲಿಸಲು 2015ರ ಬಾಲನ್ಯಾಯ ಕಾಯ್ದೆ ಎರಡು ತಿಂಗಳು ಕೊಡುತ್ತದೆ. ಅಷ್ಟು ದಿನ ಆ ಮಗುವನ್ನು ಯಾರಿಗೂ ದತ್ತು ಕೊಡುವ ಹಾಗಿಲ್ಲ.

ಎರಡು ತಿಂಗಳು! ಅದನ್ನು ನೀವು ಸುಮ್ನೆ ಬಿಟ್ಟುಬಿಟ್ಟಿದ್ದೀರಿ. ಮಗು ದತ್ತು ಸಂಸ್ಥೆಯ ತೊಟ್ಟಿಲಲ್ಲಿದೆ. ಅವಳು ಮನೆಯಲ್ಲಿದ್ದಾಳೆ, ಎದೆಯಲ್ಲಿ ಹಾಲು ಇನ್ನೂ ನಿಂತಿಲ್ಲ. ಬಸ್ ಹತ್ತಿ ಹೋದರೆ ಮಗುವನ್ನು ವಾಪಸ್ ಕೇಳಬಹುದು. ಹತ್ತನೆಯ ದಿನ ಅವಳು ಏನು ಮಾಡಿದಳು? ಐವತ್ತನೆಯ ದಿನ? ಸಮಿತಿಯ ಆಫೀಸಿನ ತನಕ ಹೋಗಿ ತಿರುಗಿ ಬಂದಳಾ? ಮನೆಯವರು ಕ್ಯಾಲೆಂಡರ್ ನೋಡುತ್ತಿದ್ದರಾ? ಎರಡನೆಯ ತಿಂಗಳ ಕೊನೆಯ ಸಂಜೆ ಅವಳು ಎಲ್ಲಿದ್ದಳು? ಇದನ್ನು ತೋರಿಸದೆ, ಎಂಟು ವರ್ಷದ ಮೇಲೆ ಅವಳನ್ನು ಗೇಟಿನ ಮುಂದೆ ನಿಲ್ಲಿಸಿ ಅಳಿಸಿದರೆ ನಾನು ಅಳುವುದಿಲ್ಲ. ನನಗೆ ಅವಳು ಯಾರೆಂದೇ ಗೊತ್ತಿಲ್ಲ.

ಅವಳಿಗೆ ವಸುಧಾಳ ವಿಳಾಸ ಸಿಕ್ಕಿದ್ದು ಹೇಗೆ ಅನ್ನುವ ಪ್ರಶ್ನೆಯೂ ಇದೆ. ಸದ್ಯಕ್ಕೆ ಅದನ್ನು ಬಿಡೋಣ.

ಇನ್ನೊಂದು ವಿಷಯ ಎರಡನೆಯ ಓದಿನಲ್ಲಿ ಕಣ್ಣಿಗೆ ಬಿತ್ತು. 81 ಪುಟಗಳಲ್ಲಿ ಎಲ್ಲ ಕಡೆ ‘ನಿಜವಾದ ತಾಯಿ’ ಅಂತ ಬರೆದಿದ್ದೀರಿ. ಆಟೋ ಓಡಿಸುವವನಿಗೂ ಹೆಸರಿಟ್ಟಿದ್ದೀರಿ, ಅವಳಿಗೆ ಹೆಸರೇ ಇಲ್ಲ. ಸಮಿತಿಯ ಮುಂದೆ ಆ ಕಾಗದದ ಮೇಲೆ ಅವಳು ಯಾವ ಹೆಸರು ಬರೆದಳು? ಅದನ್ನು ನಿರ್ಧರಿಸಿ. ಆಮೇಲೆ ಆ ಎರಡು ತಿಂಗಳು ಬರೆದು ಕಳಿಸಿ. ಆ ದೃಶ್ಯಗಳಷ್ಟೇ ಸಾಕು, ಬಂದ ದಿನವೇ ಓದುತ್ತೇನೆ.