ಸೋದರಮಾವನಿಗೆ ಕೊಡುವ ಮುಂಚೆ

ಪ್ರಶ್ನೆ: ಚಳ್ಳಕೆರೆ ತಾಲ್ಲೂಕಿನ ಹಳ್ಳಿಯವಳು, ವಯಸ್ಸು 23. ತಮ್ಮನಿಗೆ ಹಿಮೋಫಿಲಿಯಾ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ. ಮೊಣಕಾಲು ಬಾತಾಗಲೆಲ್ಲ ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಹಾಕಿಸಲು ದಾವಣಗೆರೆಗೆ ಓಡಬೇಕು. ಅಮ್ಮನ ಅಣ್ಣನೊಬ್ಬ ಚಿಕ್ಕವನಿದ್ದಾಗ ಹಲ್ಲು ಕೀಳಿಸಿ, ರಕ್ತ ನಿಲ್ಲದೆ ತೀರಿಕೊಂಡನಂತೆ. ಈಗ ಅಮ್ಮನ ಕಿರಿ ತಮ್ಮನಿಗೆ ನನ್ನನ್ನು ಕೊಡುವ ಮಾತಿದೆ. ಮಾವ ಆರೋಗ್ಯವಾಗಿದ್ದಾರೆ. ‘ಒಳಗೇ ಕೊಟ್ಟರೆ ಮಕ್ಕಳಿಗೂ ಇದೇ ಗತಿ, ಹೊರಗೆ ಕೊಡಿ’ ಅಂತಾರೆ ಚಿಕ್ಕಪ್ಪ. ಹೊರಗೆ ಕೊಟ್ಟರೆ ಭಯವಿಲ್ಲವೇ?

ಉತ್ತರ: ಎಲ್ಲಿಗೆ ಕೊಟ್ಟರೂ ಈ ಭಯ ನಿಮ್ಮ ಜೊತೆಗೇ ಬರುತ್ತದಮ್ಮ. ಯಾಕೆಂದರೆ ಹಿಮೋಫಿಲಿಯಾದ ದೋಷ ಇರುವುದು ವಂಶವಾಹಿಗಳನ್ನು ಹೊತ್ತ ಎಕ್ಸ್ ವರ್ಣತಂತುವಿನಲ್ಲಿ. ಗಂಡಸಿಗೆ ಎಕ್ಸ್ ಒಂದೇ; ಅದು ಕೆಟ್ಟಿದ್ದರೆ ರೋಗ ಕಾಣಿಸಿಕೊಳ್ಳುತ್ತದೆ. ಹೆಂಗಸಿಗೆ ಎರಡು, ಒಂದು ಕೆಟ್ಟರೂ ಇನ್ನೊಂದು ಸಾಮಾನ್ಯವಾಗಿ ಕೈಹಿಡಿಯುತ್ತದೆ. ಅಂಥವಳು ‘ವಾಹಕಿ’. ಅಣ್ಣನಿಗೂ ಮಗನಿಗೂ ರೋಗವಿದೆ ಎಂದಮೇಲೆ ನಿಮ್ಮ ತಾಯಿ ವಾಹಕಿ ಎನ್ನಲು ಅನುಮಾನವಿಲ್ಲ. ಅದು ಅವರ ತಪ್ಪೂ ಅಲ್ಲ, ಯಾರ ಶಾಪವೂ ಅಲ್ಲ. ಇಂಥ ಮನೆಗಳಲ್ಲಿ ಬೈಸಿಕೊಳ್ಳುವವಳು ಯಾವಾಗಲೂ ತಾಯಿಯೇ, ಅದಕ್ಕೇ ಹೇಳಿದೆ.

ಅವರ ಎರಡು ಎಕ್ಸ್‌ಗಳಲ್ಲಿ ಯಾವುದು ನಿಮಗೆ ಬಂದಿದೆಯೋ ಗೊತ್ತಿಲ್ಲ. ಅಂದರೆ ನೀವು ವಾಹಕಿಯಾಗಿರುವ ಸಾಧ್ಯತೆ ಅರ್ಧಕ್ಕರ್ಧ. ವಾಹಕಿಯೇ ಆಗಿದ್ದರೆ, ಹುಟ್ಟುವ ಪ್ರತಿ ಗಂಡುಮಗುವಿಗೂ ರೋಗ ಬರುವ ಸಾಧ್ಯತೆ ಮತ್ತೆ ಅರ್ಧಕ್ಕರ್ಧ. ಮಾವನಿಗೆ ರೋಗವಿಲ್ಲ, ಹಾಗಾಗಿ ಅವರಲ್ಲಿ ಈ ದೋಷವೂ ಇಲ್ಲ. ಈ ಲೆಕ್ಕದಲ್ಲಿ ಅವರೂ ಹೊರಗಿನ ಗಂಡೂ ಒಂದೇ.

ಹಾಗಂತ ಚಿಕ್ಕಪ್ಪನ ಮಾತು ಪೂರಾ ತಳ್ಳಿಹಾಕುವಂಥದ್ದಲ್ಲ. ಸೋದರಮಾವನಿಗೂ ನಿಮಗೂ ವಂಶವಾಹಿಗಳಲ್ಲಿ ಸುಮಾರು ಕಾಲುಪಾಲು ಒಂದೇ. ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆ, ಕೆಲವು ಬಗೆಯ ಹುಟ್ಟು ಕಿವುಡುತನದಂಥ ತೊಂದರೆಗಳು ತಂದೆ ತಾಯಿ ಇಬ್ಬರಿಂದಲೂ ದೋಷ ಬಂದಾಗ ಮಾತ್ರ ಕಾಣಿಸಿಕೊಳ್ಳುತ್ತವೆ. ಇಬ್ಬರಲ್ಲೂ ಒಂದೇ ದೋಷ ಅಡಗಿರುವ ಸಂಭವ ಮಾವ–ಸೊಸೆಯರಲ್ಲಿ ಹೆಚ್ಚು. ನನ್ನನ್ನು ಕೇಳಿದರೆ ಈ ಸಂಬಂಧ ಬೇಡವೆಂದೇ ಹೇಳುತ್ತೇನೆ, ಆದರೆ ಹಿಮೋಫಿಲಿಯಾದ ಕಾರಣಕ್ಕಲ್ಲ.

ಮೊದಲು ಆಗಬೇಕಾದ್ದು ಪರೀಕ್ಷೆ. ಜಾತಕವನ್ನು ಮೂರು ಕಡೆ ತೋರಿಸುವವರು ಇದಕ್ಕೆ ಒಂದು ದಿನ ಬಿಡುವು ಮಾಡಿಕೊಳ್ಳಬಹುದು. ಬರೀ ಫ್ಯಾಕ್ಟರ್ ಮಟ್ಟ ನೋಡಿ ‘ನಾರ್ಮಲ್’ ಎಂದರೆ ಸಮಾಧಾನಪಟ್ಟುಕೊಳ್ಳಬೇಡಿ; ವಾಹಕಿಯರಲ್ಲೂ ಅದು ನಾರ್ಮಲ್ ಇರಬಹುದು. ಡಿಎನ್‌ಎ ಪರೀಕ್ಷೆಯೇ ಆಗಬೇಕು. ಮೊದಲು ತಮ್ಮನ ರಕ್ತದಲ್ಲಿ ದೋಷ ಯಾವುದೆಂದು ಗುರುತಿಸಿ, ಆಮೇಲೆ ಅದೇ ನಿಮ್ಮಲ್ಲಿದೆಯೇ ಎಂದು ಹುಡುಕುತ್ತಾರೆ. ಆದ್ದರಿಂದ ಅವನನ್ನೂ, ಅವನ ಹಳೆಯ ರಿಪೋರ್ಟುಗಳನ್ನೂ ಜೊತೆಗೆ ಕರೆತನ್ನಿ. ಎಲ್ಲಿ ಮಾಡಿಸಬೇಕೆಂದು ದಾವಣಗೆರೆಯಲ್ಲೇ ಇರುವ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯಲ್ಲಿ ವಿಚಾರಿಸಿ.

ವಾಹಕಿಯೆಂದು ಗೊತ್ತಾದರೆ ಮದುವೆ ನಿಲ್ಲಿಸಬೇಕಾಗಿಲ್ಲ. ಬಸಿರಾದ ಸುಮಾರು 11ನೇ ವಾರದಿಂದಲೇ ಮಗುವಿನ ಪರೀಕ್ಷೆಗೆ ದಾರಿಯಿದೆ. ನಿಮ್ಮ ಫ್ಯಾಕ್ಟರ್ ಮಟ್ಟವನ್ನೂ ಒಮ್ಮೆ ನೋಡಿಸಿ. ಅದು ಕಡಿಮೆಯಿದ್ದರೆ ಹೆರಿಗೆಯಲ್ಲಿ, ಹಲ್ಲು ಕೀಳಿಸುವಾಗ ನಿಮಗೂ ರಕ್ತಸ್ರಾವ ಹೆಚ್ಚಾಗಬಹುದು. ಡಾಕ್ಟರಿಗೆ ಮೊದಲೇ ತಿಳಿಸಿಡಿ.