ಚಂದ್ರಗಿರಿ ಹೊಳೆಯಲ್ಲಿ ನಗರ ದೋಣಿ ಸೇವೆ: ಎಷ್ಟು ಸೀಟಿನ ದೋಣಿ ಬೇಕು?

ಕೊಚ್ಚಿ ವಾಟರ್ ಮೆಟ್ರೋದ ಹಾಗೆ ಕಾಸರಗೋಡಿನಲ್ಲೂ ದಿನನಿತ್ಯದ ಪ್ರಯಾಣಿಕರಿಗೆ ದೋಣಿ ಓಡಿಸಬಹುದೇ, ಎಷ್ಟು ಸೀಟಿನದ್ದು ಕೊಳ್ಳಬೇಕು ಎಂದು ಕೇಳಿದ್ದೀರಿ. ಓಡಿಸಬಹುದು. ಆದರೆ ದೋಣಿಯ ಲೆಕ್ಕ ಕೊನೆಗಿರಲಿ, ಮೊದಲು ಬಸ್ಸಿನ ಲೆಕ್ಕ ಹಾಕಿ.

ಚೆಮ್ನಾಡಿನಿಂದ ಪೇಟೆ ಕಡೆಗೆ ಹೊಳೆ ದಾಟಿಸುವ ದೋಣಿಗೆ ಜನ ಸಿಗುವುದಿಲ್ಲ. ಅಲ್ಲಿ ಸೇತುವೆ ಇದೆ, ಬಸ್ಸಿದೆ. ದೋಣಿ ಗೆಲ್ಲುವುದು ಸೇತುವೆಯಿಲ್ಲದ ಕುದ್ರುಗಳಿಗೆ (ಹೊಳೆ ನಡುವಿನ ದ್ವೀಪಗಳಿಗೆ), ಇಲ್ಲವೇ ರಸ್ತೆ ಸುತ್ತು ಹಾಕುವ ಕಡೆ ಹೊಳೆ ನೇರವಾಗಿದ್ದರೆ. ಕೊಚ್ಚಿಯ ಯೋಜನೆ 10 ದ್ವೀಪಗಳನ್ನು ನೆಚ್ಚಿಕೊಂಡದ್ದು, ಇಲ್ಲಿ ಅಂಥದ್ದಿಲ್ಲ. ಹಾಗಾಗಿ ನೋಡಬೇಕಾದದ್ದು ಹೊಳೆಯುದ್ದದ ದಾರಿ: ಪೆರುಂಬಳೆ ಕಡೆಯಿಂದ ಚೆಮ್ನಾಡು, ತಳಂಗರೆವರೆಗೆ. ಮೇಲಕ್ಕೆ ಬಾವಿಕ್ಕೆರೆಯಲ್ಲಿ ಉಪ್ಪುನೀರು ತಡೆಯುವ ಕಟ್ಟೆ ಇದೆ, ಅದರಾಚೆಗೆ ಯೋಚಿಸುವುದೇ ಬೇಡ. ಹೋಲಿಸುವಾಗ ಮನೆಯಿಂದ ಕಡವಿಗೆ ನಡಿಗೆ, ಕಾಯುವ ಸಮಯ, ನೀರಿನ ಮೇಲಿನ ಸಮಯ, ಕಡವಿನಿಂದ ಮುಂದಿನ ಬಸ್ಸು, ನಾಲ್ಕನ್ನೂ ಕೂಡಿಸಿ. ಕಲೆಕ್ಟರೇಟು ಇರುವ ವಿದ್ಯಾನಗರವಾಗಲಿ ರೈಲ್ವೆ ಸ್ಟೇಷನ್ನಾಗಲಿ ದಡದಲ್ಲಿಲ್ಲ. ದೋಣಿ ಬರುವ ಹೊತ್ತಿಗೆ ಜೆಟ್ಟಿಯಲ್ಲಿ ಮಿನಿ ಬಸ್ಸು ನಿಂತಿರದಿದ್ದರೆ ಉಳಿದ ಲೆಕ್ಕವೆಲ್ಲ ಸುಳ್ಳಾಗುತ್ತದೆ. ಕೊಚ್ಚಿಯಲ್ಲೂ ಕಾಕ್ಕನಾಡಿನ ಜೆಟ್ಟಿಯಿಂದ ಇನ್ಫೋಪಾರ್ಕಿಗೆ ಬಸ್ಸು ಬೇಕೇ ಬೇಕು.

ಮುಂದಿನದು ಆಳದ ಸರ್ವೆ. ಇದನ್ನು ಎರಡು ಸಲ ಮಾಡಿಸಿ: ಮಾರ್ಚ್–ಏಪ್ರಿಲ್‌ನಲ್ಲಿ ಅಮಾವಾಸ್ಯೆ ಅಥವಾ ಹುಣ್ಣಿಮೆಯ ಇಳಿತದ ಹೊತ್ತಿಗೊಮ್ಮೆ, ಮಳೆಗಾಲ ಕಳೆದು ಹೂಳು ಕೂತ ಮೇಲೊಮ್ಮೆ. ದೋಣಿ ನೀರಿನೊಳಗೆ 1 ಮೀಟರ್ ಇಳಿಯುವುದಾದರೆ, ಅತಿ ತಗ್ಗಿನ ಇಳಿತದಲ್ಲೂ 1.5 ಮೀಟರ್ ನೀರು ಬೇಕು. ಅಳಿವೆ ಹತ್ತಿರ ಮರಳದಿಬ್ಬ ವರ್ಷ ವರ್ಷ ಜಾಗ ಬದಲಿಸುತ್ತದೆ, ಒಂದೇ ವರ್ಷದ ನಕ್ಷೆ ನಂಬಬೇಡಿ. ಸೇತುವೆಗಳ ಕೆಳಗಿನ ಎತ್ತರವನ್ನು, ರೈಲು ಸೇತುವೆಯನ್ನೂ ಸೇರಿಸಿ, ಉಬ್ಬರ ಮತ್ತು ನೆರೆ ಎರಡೂ ಒಟ್ಟಿಗಿರುವಾಗ ಅಳೆಯಬೇಕು. ಚಾವಣಿ ಮೇಲೆ ಸೋಲಾರ್ ಹಲಗೆ ಕೂರಿಸಿದ ಮೇಲೆ ಸೇತುವೆ ತಾಗುತ್ತದೆಂದು ಗೊತ್ತಾದರೆ ಮಾಡುವುದಕ್ಕೇನೂ ಉಳಿದಿರುವುದಿಲ್ಲ.

ನನ್ನ ಮಟ್ಟಿಗೆ ಇಡೀ ಯೋಜನೆಯ ಜೀವ ಜೆಟ್ಟಿ. ಕಾಂಕ್ರೀಟಿನ ಹಳೇ ಮೆಟ್ಟಿಲು ಕಡವು ಸಾಲದು. ನೀರು ಏರಿಳಿದಂತೆ ದೋಣಿಯ ಅಂಚಿಗೂ ಮೆಟ್ಟಿಲಿಗೂ ನಡುವೆ ಅಂತರ ಬೀಳುತ್ತದೆ, ಅಜ್ಜಿಯರು, ಚೀಲ ಹೊತ್ತ ಮಕ್ಕಳು ಅಲ್ಲೇ ಜಾರುವುದು. ನೀರಿನೊಂದಿಗೇ ಏರಿಳಿಯುವ ತೇಲುವ ವೇದಿಕೆ, ಅಂದರೆ ಪಾಂಟೂನ್ ಬೇಕು, ಅದರ ಮೇಲ್ಮೈ ದೋಣಿಯ ಅಟ್ಟದ (ಡೆಕ್) ಮಟ್ಟಕ್ಕೇ ಇರಬೇಕು. ದಡದಿಂದ ಅದಕ್ಕಿಳಿಯುವ ಸಂಕದ ಇಳಿಜಾರು ಗಾಲಿಕುರ್ಚಿಗಾಗಿ 12ಕ್ಕೆ 1. ನೀರಿನ ಏರಿಳಿತ ಒಂದೂವರೆ ಮೀಟರ್ ಎಂದಿಟ್ಟುಕೊಂಡರೆ ಸಂಕದ ಉದ್ದ 18 ಮೀಟರ್ ಆಯಿತು. ಇದನ್ನು ಎಸ್ಟಿಮೇಟಿನಲ್ಲಿ 8 ಮೀಟರಿಗೆ ಇಳಿಸಿದರೆ ಇಳಿತದ ಹೊತ್ತು ಅದು ಜಾರುಬಂಡೆಯಾಗುತ್ತದೆ. ಪಾಂಟೂನ್ ಹಿಡಿಯುವ ಕಂಬಗಳ ತಲೆ ನೆರೆಯ ಮಟ್ಟಕ್ಕಿಂತ ಕನಿಷ್ಠ 1 ಮೀಟರ್ ಮೇಲಿರಲಿ, ಇಲ್ಲವಾದರೆ ದೊಡ್ಡ ನೆರೆಯಲ್ಲಿ ಪಾಂಟೂನ್ ಕಂಬದ ತಲೆ ದಾಟಿ ಕಳಚಿಕೊಳ್ಳುತ್ತದೆ. ಹೊಳೆ ತಿರುವಿನ ಒಳಮಗ್ಗುಲಲ್ಲಿ ಜೆಟ್ಟಿ ಬೇಡ, ಹೂಳು ಅಲ್ಲೇ ಕೂರುವುದು. ಹೊರಮಗ್ಗುಲಲ್ಲಿ ಆಳವಿದೆ, ಕೊರೆತವೂ ಇದೆ. ಕಂಬದ ಬುಡಕ್ಕೆ ಕಲ್ಲು ತುಂಬಬೇಕು.

ಈಗ ದೋಣಿ. ದಾರಿ 4 ಕಿ.ಮೀ., ವೇಗ 8 ನಾಟ್ (ಗಂಟೆಗೆ ಸುಮಾರು 15 ಕಿ.ಮೀ.) ಆದರೆ ಒಂದು ಕಡೆಗೆ 16 ನಿಮಿಷ. ಕಟ್ಟಿ, ಇಳಿಸಿ, ಹತ್ತಿಸಲು ಪ್ರತಿ ತುದಿಯಲ್ಲಿ 5 ನಿಮಿಷ. ಒಟ್ಟು ಸುತ್ತು 42 ನಿಮಿಷ. 15 ನಿಮಿಷಕ್ಕೊಂದು ಬೇಕೆಂದರೆ 42ನ್ನು 15ರಿಂದ ಭಾಗಿಸಿ: 2.8, ಅಂದರೆ 3 ದೋಣಿ, ರಿಪೇರಿಗೆ ಇನ್ನೊಂದು. 100 ಸೀಟಿನ ಒಂದಕ್ಕಿಂತ 50 ಸೀಟಿನ ಎರಡು ಮೇಲು. 45 ನಿಮಿಷ ಕಾಯಬೇಕಾದರೆ ಜನ ಸ್ಕೂಟರು ಹತ್ತುತ್ತಾರೆ. ಆದರೆ ಸಿಬ್ಬಂದಿ ಖರ್ಚು ಮರೆಯಬೇಡಿ: ಬೋಟ್ ಮಾಸ್ಟರ್, ಸ್ರಾಂಕ್ (ಚುಕ್ಕಾಣಿ ಹಿಡಿಯುವವ), ಡ್ರೈವರ್ (ಎಂಜಿನ್ ನೋಡುವವ), ಇಬ್ಬರು ಲಸ್ಕರ್ (ಹಗ್ಗ ಕಟ್ಟುವ ಕೆಲಸದವರು) ಎಂದು ಐವರಾದರೆ, 3 ದೋಣಿ, 2 ಪಾಳಿಗೆ 30 ಜನ, ರಜೆಯವರ ಬದಲಿ ಬೇರೆ.

ವೇಗದ ಆಸೆಗೆ ಬೆಲೆ ತೆರಬೇಕಾಗುತ್ತದೆ. ಬೇಕಾಗುವ ಶಕ್ತಿ ಹೆಚ್ಚುಕಡಿಮೆ ವೇಗದ ಘನದಂತೆ ಏರುತ್ತದೆ: 6 ನಾಟಿಗೆ 30 ಕಿಲೋವಾಟ್ ಸಾಕಾದ ದೋಣಿಗೆ 8 ನಾಟಿನಲ್ಲಿ 70 ಬೇಕು. ಎದ್ದ ಅಲೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡ, ದಡದ ತೆಂಗಿನ ಬುಡ, ಮರುವಾಯಿ (ಚಿಪ್ಪುಮೀನು) ಹೆಕ್ಕುವವರ ಸಣ್ಣ ದೋಣಿ ಎಲ್ಲವನ್ನೂ ಅಲುಗಿಸುತ್ತದೆ. ವೈಕ್ಕಂನಲ್ಲಿ 2017ರಿಂದ ಓಡುವ ಸೋಲಾರ್ ದೋಣಿ ‘ಆದಿತ್ಯ’ 75 ಜನರದ್ದು, ಮೇಲೆ 20 ಕಿಲೋವಾಟ್ ಹಲಗೆ. ನಿಧಾನವಾದರೂ ಮಾದರಿ ಅದೇ. ಆಟಿಯ (ಜುಲೈ–ಆಗಸ್ಟ್) ಮೋಡದಲ್ಲಿ ಸೋಲಾರ್ ಕೈಕೊಡುವುದರಿಂದ ಜೆಟ್ಟಿಯಲ್ಲಿ ಚಾರ್ಜರೂ ಬೇಕು. 32 ನಿಮಿಷದ ಓಟಕ್ಕೆ, ಅಂದರೆ ಒಂದು ಸುತ್ತಿಗೆ, ಸುಮಾರು 37 ಯೂನಿಟ್ ಖರ್ಚಾಗಿ ಅದನ್ನು 10 ನಿಮಿಷದಲ್ಲಿ ತುಂಬಬೇಕಾದರೆ 220 ಕಿಲೋವಾಟಿಗೆ ಮೇಲ್ಪಟ್ಟ ಸಂಪರ್ಕ, ಅಂದರೆ ಪ್ರತ್ಯೇಕ ಟ್ರಾನ್ಸ್‌ಫಾರ್ಮರ್ ಬೇಕು. ವಿದ್ಯುತ್ ಮಂಡಳಿಗೆ ಅರ್ಜಿಯನ್ನು ಜೆಟ್ಟಿ ಟೆಂಡರಿನ ಜೊತೆಗೇ ಹಾಕಿ.

2021ರ ಒಳನಾಡು ನೌಕೆ ಕಾಯ್ದೆಯ ಪ್ರಕಾರ ದೋಣಿಯ ಸರ್ವೆ (ತಾಂತ್ರಿಕ ತಪಾಸಣೆ), ನೋಂದಣಿ, ವಿಮೆ ಇಲ್ಲದೆ ಓಡಿಸುವಂತಿಲ್ಲ. ಇಲ್ಲಿ ಆ ಕೆಲಸ ಕೇರಳ ಮ್ಯಾರಿಟೈಮ್ ಬೋರ್ಡಿನದ್ದು. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ 22 ಜನ ಸತ್ತದ್ದು ಮೀನಿನ ದೋಣಿಯನ್ನು ತಿದ್ದಿ ಮಿತಿಮೀರಿ ಜನ ತುಂಬಿದ್ದಕ್ಕೆ. ಆದ್ದರಿಂದ ತಲೆ ಎಣಿಸುವ ಗೇಟು ದೋಣಿಯ ಬಾಗಿಲಲ್ಲಿ ಬೇಡ, ದಡದಲ್ಲೇ ಇರಲಿ. ಪಾಂಟೂನಿಗೆ ಇಳಿದವರನ್ನು ವಾಪಸ್ಸು ಕಳುಹಿಸಲು ಯಾವ ಲಸ್ಕರನಿಂದಲೂ ಆಗದು.

ಜೂನ್‌ನಿಂದ ಸೆಪ್ಟೆಂಬರಿನಲ್ಲಿ ಯಾವಾಗ ನಿಲ್ಲಿಸಬೇಕೆಂದು ಮೊದಲೇ ಬರೆದಿಡಿ: ಸೇತುವೆಯ ಕಂಬದಲ್ಲಿ ಗುರುತಿಸಿದ ನೀರಿನ ಮಟ್ಟ, ಹರಿವಿನ ವೇಗ, ತೇಲಿಬರುವ ಮರ. ಆ ದಿನಗಳಿಗೆ ಅದೇ ಟಿಕೆಟಿನಲ್ಲಿ ಹತ್ತಬಹುದಾದ ಬಸ್ಸು ಇರಲಿ, ಮತ್ತು ‘ಇಂದು ದೋಣಿ ಇಲ್ಲ’ ಎಂಬ ಬೋರ್ಡು ಮಲಯಾಳದಲ್ಲೂ ಕನ್ನಡದಲ್ಲೂ ಇರಲಿ, ಅದೂ ಜೆಟ್ಟಿಯಲ್ಲಲ್ಲ, ಮುಖ್ಯರಸ್ತೆಯ ತಿರುವಿನಲ್ಲಿ.