ಕರುವಿನ ವರದಿಯಲ್ಲಿ ಕೊರೋನಾ ಎಂದು ಬಂದರೆ

ಎರಡು ವಾರದ ಕರುವಿನ ಸಗಣಿ ಪರೀಕ್ಷೆಯಲ್ಲಿ ಕೊರೋನಾ ಎಂದು ಬಂದಿರುವುದರಿಂದ ಮನೆಯವರು ಹೆದರಿದ್ದಾರೆ, ಕರುವನ್ನು ಮಾರಿಬಿಡಲೇ ಅಥವಾ ನಾಯಿಮರಿಗೆ ಹಾಕಿಸುವ ಕೊರೋನಾ ಲಸಿಕೆಯನ್ನೇ ಇದಕ್ಕೂ ಹಾಕಿಸಲೇ ಎಂದು ಕೇಳಿದ್ದೀರಿ. ಎರಡೂ ಬೇಡ. ಭೇದಿಯಾಗುತ್ತಿರುವ ಕರುವನ್ನು ಮಾರುವುದೆಂದರೆ ರೋಗವನ್ನು ಇನ್ನೊಬ್ಬರ ಕೊಟ್ಟಿಗೆಗೆ ಸಾಗಹಾಕುವುದು. ಕೊರೋನಾ ಎಂದರೆ ಒಂದೇ ವೈರಸ್ಸಲ್ಲ, ಆಲ್ಫಾ, ಬೀಟಾ ಮುಂತಾದ ಗುಂಪುಗಳಿರುವ ಕುಟುಂಬ. ನಾಯಿಯ ಆ ಲಸಿಕೆ ಆಲ್ಫಾ ಗುಂಪಿನ ಕರುಳಿನ ವೈರಸ್ಸಿಗೆ ಸಂಬಂಧಿಸಿದ್ದು, ದನದ್ದು ಬೀಟಾ ಗುಂಪಿನದು. ಹೆಸರು ಒಂದೇ ಎಂದು ಲಸಿಕೆ ಕೊಳ್ಳುವವರನ್ನು ನಮ್ಮ ಈ ಚರ್ಚೆಯ ಬಳಗದಲ್ಲಿ ಮತ್ತೆ ಮತ್ತೆ ಕಾಣುತ್ತಿರುವುದು ಬೇಸರದ ಸಂಗತಿ.

ಕೋವಿಡ್ ವೈರಸ್ಸೂ ಬೀಟಾ ಗುಂಪಿನದೇ, ಆದರೆ ಅದರ ಕವಲು ಬೇರೆ. ಪ್ರಾಣಿರೋಗಗಳ ಸಂಶೋಧನೆ ಮಾಡುವ ಜರ್ಮನಿಯ ಫ್ರೀಡ್ರಿಶ್ ಲೋಫ್ಲರ್ ಸಂಸ್ಥೆಯವರು 2020ರಲ್ಲಿ 6 ದನಗಳ ಮೂಗಿಗೆ ಕೋವಿಡ್ ವೈರಸ್ಸನ್ನೇ ಹಾಕಿ ನೋಡಿದಾಗ 2ರಲ್ಲಿ ಮಾತ್ರ ಅದು ಅಲ್ಪಸ್ವಲ್ಪ ಬೆಳೆಯಿತು, ಜೊತೆಯಲ್ಲಿದ್ದ ದನಗಳಿಗೆ ಹರಡಲಿಲ್ಲ. ಅದೇ ವರ್ಷ ಡೆನ್ಮಾರ್ಕಿನ ಫಾರಂಗಳಲ್ಲಿ ಅದೇ ವೈರಸ್ಸು ಮನುಷ್ಯರಿಂದ ಮಿಂಕ್‌ಗಳಿಗೆ (ತುಪ್ಪಳಕ್ಕಾಗಿ ಸಾಕುವ ಸಣ್ಣ ಪ್ರಾಣಿಗಳು) ಹೋಗಿ, ಮಿಂಕ್‌ಗಳಿಂದ ಮರಳಿ ಮನುಷ್ಯರಿಗೂ ಬಂದಿತು. ವೈರಸ್ಸಿನ ಮೇಲ್ಮೈಯ ಮುಳ್ಳು ಯಾವ ಪ್ರಾಣಿಯ ಜೀವಕೋಶಕ್ಕೆ ಹೊಂದಿಕೊಳ್ಳುತ್ತದೆ ಎಂಬುದರ ಮೇಲೆ, ಅದು ಯಾವ ಪ್ರಾಣಿಗೆ ತಗಲುತ್ತದೆ ಎಂಬುದು ಬಹುಮಟ್ಟಿಗೆ ನಿಂತಿದೆ.

ಹಾಗೆಂದು, ದನದ ವೈರಸ್ಸು ದನದಲ್ಲೇ ಉಳಿಯುತ್ತದೆ ಎಂದು ಈ ಚರ್ಚೆಯಲ್ಲಿ ಮೊದಲು ಒಬ್ಬರು ಬರೆದಿರುವುದನ್ನೂ ಒಪ್ಪಲಾಗದು. ನಮಗೆ ಸಾಮಾನ್ಯ ನೆಗಡಿ ತರುವ ಓಸಿ43 ಎಂಬ ವೈರಸ್ಸು ದನದ ಕೊರೋನಾದ ಹತ್ತಿರದ ಸಂಬಂಧಿ. ಇವೆರಡೂ ಕವಲೊಡೆದದ್ದು 1890ರ ಆಸುಪಾಸಿನಲ್ಲಿ ಎಂದು ವಂಶವಾಹಿಗಳ ಹೋಲಿಕೆಯಿಂದ ಅಂದಾಜಿಸಲಾಗಿದೆ. ನಾಯಿಗಳಲ್ಲಿ ಕೆಮ್ಮು ತರುವ ಕೊರೋನಾ ಕೂಡ ದನದ್ದಕ್ಕೇ ಹತ್ತಿರ. ಇಂಥ ದಾಟುವಿಕೆ ಅಪರೂಪವಾದ್ದರಿಂದ ಮನೆಯವರು ಹೆದರಬೇಕಿಲ್ಲ, ಆದರೆ ನಾಯಿಯನ್ನು ಕರುವಿನ ಗೊಂತಿನಿಂದ ದೂರವಿಡಿ, ಸಗಣಿ ಬಾಚಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಕರುವಿನ ಭೇದಿಯಲ್ಲಿ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರೋಪಜೀವಿ, ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಜೊತೆಗಿದ್ದರೆ ಅವು ಮನುಷ್ಯರಿಗೆ ನೇರವಾಗಿ ತಗಲುತ್ತವೆ. ನಿಜವಾಗಿ ಅಂಜಬೇಕಾದದ್ದು ಅವಕ್ಕೆ.

ಕೊಟ್ಟಿಗೆಯಲ್ಲಿ ನನಗೆ ಫಲ ಕೊಟ್ಟದ್ದು ಕೆಲಸದ ಸರದಿ. ಮೊದಲು ತೀರ ಎಳೆಯ ಕರುಗಳು, ಆಮೇಲೆ ದೊಡ್ಡವು, ಕಟ್ಟಕಡೆಗೆ ಕಾಯಿಲೆಯವು. ಕಾಯಿಲೆಯ ಕರುವಿಗೆ ಬಾಟಲಿ, ಬಕೆಟ್, ಗಂಬೂಟು ಎಲ್ಲವೂ ಪ್ರತ್ಯೇಕ. ಬಾಟಲಿಯ ರಬ್ಬರ್ ತೊಟ್ಟನ್ನು ಒಳಮಗುಚಿ ನೋಡಿ: ಅಂಚಿನಲ್ಲಿ ಹಳದಿ ಜಿಡ್ಡು ಕಟ್ಟಿದ್ದರೆ ಒಂದು ಕರುವಿನ ಎಂಜಲು ಇನ್ನೊಂದರ ಬಾಯಿಗೆ ಹೋಗುತ್ತಿದೆ ಎಂದೇ ಅರ್ಥ. ಈ ವೈರಸ್ಸಿನ ಹೊರಪದರ ಕೊಬ್ಬಿನದಾದ್ದರಿಂದ ಬಿಸಿನೀರು ಮತ್ತು ಸೋಪಿಗೇ ಒಡೆಯುತ್ತದೆ. ಪರಿಮಳದ ದುಬಾರಿ ಸೋಂಕುನಾಶಕ ಡಬ್ಬಿಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಸಗಣಿಯ ಮೇಲೆಯೇ ಬ್ಲೀಚಿಂಗ್ ಪುಡಿ ಎರಚಿರುವ ನಿಮ್ಮ ಚಿತ್ರ ನೋಡಿದೆ. ಸಗಣಿಯೇ ಕ್ಲೋರಿನ್ನಿನ ಶಕ್ತಿಯನ್ನು ನುಂಗಿಬಿಡುತ್ತದೆ, ದಯವಿಟ್ಟು ಮೊದಲು ಬಾಚಿ ತೊಳೆಯಿರಿ.

ಕರುವಿಗೆ ಹಾಲು ನಿಲ್ಲಿಸಬೇಡಿ. ಹಾಲಿನ ಹೊತ್ತುಗಳ ನಡುವೆ ಎಲೆಕ್ಟ್ರೋಲೈಟ್ (ಲವಣಗಳ) ನೀರನ್ನು ಬೇರೆಯಾಗಿ ಕುಡಿಸಿ. ಕಣ್ಣು ಗುಳಿಬಿದ್ದು, ಕತ್ತಿನ ಚರ್ಮ ಎತ್ತಿ ಬಿಟ್ಟಾಗ ಕೂಡಲೇ ಮರಳದಿದ್ದರೆ ಅಥವಾ ಕರು ಹೀರುವುದನ್ನೇ ಬಿಟ್ಟಿದ್ದರೆ ವೈದ್ಯರಿಂದ ಡ್ರಿಪ್ ಹಾಕಿಸಿ. ವೈರಸ್ಸಿಗೆ ಆಂಟಿಬಯೋಟಿಕ್ ಕೆಲಸ ಮಾಡದು. ಬೇರೆ ಸೋಂಕಿನ ಲಕ್ಷಣವಿದ್ದರೆ ಅವರೇ ಹೇಳುತ್ತಾರೆ. ಮುಂದೆ ಕರು ಹಾಕಲಿರುವ ಹಸುವಿಗೆ ಗಬ್ಬದ ಕೊನೆಯ ವಾರಗಳಲ್ಲಿ ರೋಟಾ (ಕರುಗಳಿಗೆ ಭೇದಿ ತರುವ ಇನ್ನೊಂದು ವೈರಸ್ಸು)–ಕೊರೋನಾ ಲಸಿಕೆ ಹಾಕಿಸುವ ಬಗ್ಗೆ ವೈದ್ಯರನ್ನು ಕೇಳಿ, ಆದರೆ ಅದರ ಫಲ ಕರುವಿಗೆ ಸಿಗುವುದು ಗಿಣ್ಣುಹಾಲಿನ ಮೂಲಕ ಮಾತ್ರ. ಹುಟ್ಟಿದ ಕೆಲವೇ ಗಂಟೆಗಳಲ್ಲಿ, ಕರುವಿನ ತೂಕದ ಹತ್ತರಲ್ಲಿ ಒಂದು ಪಾಲಿನಷ್ಟು ಗಿಣ್ಣುಹಾಲು ಅದರ ಹೊಟ್ಟೆ ಸೇರಬೇಕು.